ನನ್ನ ಸ್ಕ್ರಿಪ್ಟಿನಲ್ಲಿ ಹುಡುಕಿದ ನಿನ್ನ ಜಾತಕ

ಕವನಾ,

'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದ್ದೇನೆ. ಮದುವೆಯಾಗಿ ತಿಂಗಳು ತುಂಬದವಳಿಗೆ ಇಂಥ ಕಾಗದ ಬರೆಯಬಾರದು, ಗೊತ್ತು. ಬರೆಯದಿದ್ದರೆ ನನಗೆ ಅನ್ನ ಸೇರುವುದಿಲ್ಲ ಮಾರಾಯ್ತಿ.

ಎರಡು ಸಾವಿರದ ಮೂರರಲ್ಲಿ ಮೂಡಿಗೆರೆ ಬಸ್‌ಸ್ಟ್ಯಾಂಡಿನೆದುರು ನಾವಿಬ್ಬರೂ ಸೇರಿ ಕಂಪ್ಯೂಟರ್ ಜಾತಕದ ಅಂಗಡಿ ತೆರೆದಾಗ ಬಾಳೂರಿನ ಗಿಡ್ಡಮ್ಮ ಬಂದಿದ್ದರಲ್ಲ, ನೆನಪಿದೆಯಾ? ಮಗಳು ಹುಟ್ಟಿದ ದಿನ ಕೇಳಿದರೆ, "ಕಾಫಿ ಹೂ ಬಿಟ್ಟಿತ್ತು ಕಣವ್ವಾ, ಯಾವ ದಿನ ಅಂತ ನಾನೇನ್ ಕಂಡೆ" ಅಂದಿದ್ದರು. ಅಂಥವರಿಗಾಗಿಯೇ ನಾನು ಕೂತು ಆ ಸ್ಕ್ರಿಪ್ಟ್ ಬರೆದೆ. ಓಡಿಸಿದರೆ ಜಾತಕದ ಪ್ರೋಗ್ರಾಂ ಒಟ್ಟಿಗೇ ಹತ್ತು ವಿಂಡೋಗಳಲ್ಲಿ ತೆರೆದುಕೊಂಡು, ಒಂದೊಂದರಲ್ಲೂ ಬೇರೆ ದಿನ, ಬೇರೆ ಗಂಟೆ ತಾನೇ ತುಂಬಿ ಜಾತಕ ಹಾಕುತ್ತಿತ್ತು. ಸರಿಯಾದದ್ದನ್ನು ಜೋಯಿಸರು ಆರಿಸಿಕೊಳ್ಳುತ್ತಿದ್ದರು. "ನಿನ್ ತಲೆಗೊಂದು ನಮಸ್ಕಾರ ಕಣೇ" ಅಂತ ನನ್ನನ್ನು ತಬ್ಬಿಕೊಂಡಿದ್ದೆ ನೀನು.

ರಾಜೀವನೂ ನಾನೂ ಮದುವೆಯಾಗಬೇಕೆಂದಿದ್ದದ್ದು ನಿನಗೊಬ್ಬಳಿಗೇ ಗೊತ್ತಿತ್ತು. ಜಾತಕ ಕೂಡಿದರೆ ಮಾತ್ರ ಅಂತ ಅವನ ತಾಯಿ ಸಾವಿತ್ರಮ್ಮನವರು ಪಟ್ಟು ಹಿಡಿದಾಗ, "ನಿಂದು ನೀನೇ ಹಾಕ್ಬಾರ್ದು ಕಣೇ, ಒಳ್ಳೇದಲ್ಲ. ನಾನ್ ಹಾಕ್ತೀನಿ" ಅಂದೆ ನೀನು. ಹಾಕಿದೆ. ಕೂಡಲಿಲ್ಲ ಅಂದೆ. ನಾನು ಅತ್ತಾಗ ಕಣ್ಣು ಒರೆಸಿದವಳೂ ನೀನೇ. "ಹಣೇಲಿ ಬರ್ದಿಲ್ಲ, ಬಿಟ್ಬಿಡು ಮಾರಾಯ್ತಿ" ಅಂದೆ. ನಾನು ಬಿಟ್ಟುಬಿಟ್ಟೆ.

ಆಮೇಲೊಂದು ಮಧ್ಯಾಹ್ನ ನೀನು ಊಟಕ್ಕೆ ಹೋಗಿದ್ದಾಗ ನಾನು ಅಂಗಡಿಗೆ ಬಂದೆ. ಕುರ್ಚಿ ಖಾಲಿ. ಸ್ಕ್ರೀನಿನ ಮೇಲೆ ವಿಂಡೋಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಮುಚ್ಚಿಕೊಳ್ಳುತ್ತಿದ್ದವು. ಎಲ್ಲದರಲ್ಲೂ ವರ ರಾಜೀವ್, ವಧು ಕವನಾ. ನೀನು ಹುಟ್ಟಿದ ದಿನ, ಗಂಟೆ ಮಾತ್ರ ಒಂದೊಂದರಲ್ಲಿ ಒಂದೊಂದು. ಅವನಿಗೆ ಕೂಡುವಂಥ ಹುಟ್ಟನ್ನು ಹುಡುಕುತ್ತಿದ್ದೆಯಲ್ಲೇ, ಅದೂ ನನ್ನ ಸ್ಕ್ರಿಪ್ಟಿನಲ್ಲಿ! ಒಂದು ಕೀ ಒತ್ತಿದ್ದರೆ ನಿಲ್ಲುತ್ತಿತ್ತು. ಒತ್ತಲಿಲ್ಲ. ನನ್ನದಂತೂ ಕೂಡಲಿಲ್ಲ, ಇನ್ನು ಯಾರಿಗೆ ದಕ್ಕಿದರೇನು ಅಂದುಕೊಂಡು ಬಾಗಿಲೆಳೆದುಕೊಂಡು ಹೋದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ನಿಮ್ಮಿಬ್ಬರ ಮದುವೆಯಲ್ಲಿ ಪಂಕ್ತಿಗೆಲ್ಲ ಹೋಳಿಗೆ ಬಡಿಸಿದೆ.

ನಿನ್ನೆ ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಯಾಕೋ ನನ್ನ ಜಾತಕವನ್ನು ನಾನೇ ಹಾಕಿದೆ. ಅಮ್ಮ ಹೇಳಿದ್ದ ದಿನ, ಅಮ್ಮ ಹೇಳಿದ್ದ ಹೊತ್ತು. ಪಕ್ಕದಲ್ಲಿ ರಾಜೀವನದು. ಒಂದೇ ವಿಂಡೋ ಸಾಕಾಯಿತು ಕವನಾ. ಚೆನ್ನಾಗಿಯೇ ಕೂಡಿತ್ತು. ಅಂದರೆ ಅವತ್ತು ನೀನು ಬೇಕೆಂದೇ ನನ್ನ ಜಾತಕಕ್ಕೆ ಬೇರೆ ಹೊತ್ತು ಹಾಕಿ ಅವರ ಮನೆಗೆ ಕೊಟ್ಟಿದ್ದೆ.

ಅವನಿಗೆ ಹೇಳುವುದಿಲ್ಲ, ಹೆದರಬೇಡ. ಇನ್ನು ಈ ಅಂಗಡಿಯ ಮೆಟ್ಟಿಲು ಮಾತ್ರ ಹತ್ತಬೇಡ. ಚೆನ್ನಾಗಿ ಬಾಳು ಅಂತ ಹರಸಲು ನನಗೆ ಬಾಯಿ ಬರುತ್ತಿಲ್ಲ. ಅವನನ್ನು ಚೆನ್ನಾಗಿ ನೋಡಿಕೋ, ಅಷ್ಟು ಸಾಕು.

ದಿವ್ಯಾ