ಬಿಳಿಚೋಡಿನ ಮಂಗಳಾ

ಮೆಹ್ತಾಬಕ್ಕಾ,

ಬಾಗಿಲು ತಟ್ಟಿದ ಆ ಮನುಷ್ಯ ಯಾರೆಂದು ಗೊತ್ತಾಯಿತು. ಅದನ್ನು ನಿನಗೆ ಹೇಳಬೇಕೆಂದೇ ಕಾಗದ ಹಿಡಿದು ಕೂತಿದ್ದೇನೆ. ಮೊದಲ ಸಾಲಿನಲ್ಲೇ ಹೇಳಿ ಮುಗಿಸಬಹುದಿತ್ತು, ಧೈರ್ಯ ಬರುತ್ತಿಲ್ಲ. ಇಪ್ಪತ್ತು ವರ್ಷ ಊರೂರಿನ ಸ್ಟೇಜಿನ ಮೇಲೆ ಅತ್ತು ಕರೆದು ಬಂದವಳು ನಾನು, ಈಗ ತೀರಿಹೋದವಳ ಮುಂದೆ ಒಂದು ನಿಜ ಹೇಳಲು ಬಾಯಿ ಒಣಗುತ್ತಿದೆ. ನೀನು ಹೋಗಿ ಮೂರು ತಿಂಗಳಾಯಿತು. ಹೊನ್ನಾಳಿಯ ಈ ಮನೆಯಲ್ಲಿ ಇವತ್ತಿಗೂ ಚಿಲಕದ ಸದ್ದಾದರೆ ಕೈಯಲ್ಲಿರುವ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು ಉಸಿರು ಹಿಡಿಯುತ್ತೇನೆ. ಇದು ನಿನ್ನಿಂದ ಕಲಿತದ್ದು.

ನೀನು ಮೊದಲು ಬಂದ ದಿನ ನೆನಪಿದೆಯಾ? ನಿನ್ನ ಕಾಲೇಜಿನ ಗೆಳತಿ, ನಮ್ಮ ಬೀದಿಯ ವಸಂತ ಟೀಚರು ನಿನ್ನನ್ನು ಕರೆತಂದು, ಇವರು ಇರಾನ್ ದೇಶದವರು, ಇರಲು ಒಂದು ರೂಮು ಬೇಕು ಎಂದರು. ಬೇರೆಯವರಾದರೆ ನೀರು ಬರುತ್ತದಾ, ಕರೆಂಟು ಇರುತ್ತದಾ ಎಂದು ಕೇಳುತ್ತಾರೆ. ನೀನು ಮನೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಅಳೆದು, "ಹಿಂದಗಡೆ ಬಾಗಿಲು ಐತೇನು?" ಎಂದು ಕೇಳಿದೆ. ಪರದೇಶದ ಹೆಂಗಸಿನ ಬಾಯಲ್ಲಿ ನಮ್ಮ 'ಐತೆ' ಕೇಳಿ ನನಗೆ ನಗು ತಡೆಯಲಾಗಲಿಲ್ಲ. ವಯಸ್ಸಿನಲ್ಲಿ ದಾವಣಗೆರೆಯಲ್ಲಿ ಓದುವಾಗ ಮೆಸ್ಸಿನ ಅಡುಗೆಯಮ್ಮ ಕಲಿಸಿದ ಕನ್ನಡವಂತೆ ಅದು. ಆ ಹಿಂಬಾಗಿಲು ಯಾಕೆ ಬೇಕಿತ್ತು ಎನ್ನುವುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ನಾನು ನನ್ನ ನಾಟಕಗಳ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದೆ. ನೀನು ತಲೆ ಎತ್ತದೆ, "ನಾನೂ ನಾಟಕದಾಕೇನೆ" ಎಂದೆ. ಆಮೇಲೆ ಒಂದೊಂದಾಗಿ ಹೇಳಿದೆ. ತೆಹರಾನಿನ ರಂಗಮಂದಿರದಲ್ಲಿ ದೀಪ ಹಿಡಿದು ನಿಲ್ಲುವ ಸೇವಕಿಯಾಗಿ ಶುರುಮಾಡಿದ್ದು, ಆಮೇಲೆ ಟೀವಿ ಧಾರಾವಾಹಿಯ ಕೆಟ್ಟ ಸೊಸೆಯಾಗಿದ್ದು, ತರಕಾರಿ ಅಂಗಡಿಯಲ್ಲಿ ಮುದುಕಿಯೊಬ್ಬಳು ನಿಜವಾಗಿಯೂ ನಿನ್ನನ್ನು ಬೈದದ್ದು, ಸಿನಿಮಾಗಳಲ್ಲಿ ನಾಯಕಿಯಾದದ್ದು. ಕೂದಲು ಮುಚ್ಚಲೇಬೇಕೆಂಬ ಕಾನೂನು ಬೇಡವೆಂದು ನಿಮ್ಮೂರ ಹುಡುಗಿಯರು ಬೀದಿಗಿಳಿದಾಗ ನೀನು ಫೋನಿನ ಕ್ಯಾಮೆರಾ ಮುಂದೆ ತಲೆವಸ್ತ್ರ ತೆಗೆದು ಅವರ ಪರವಾಗಿ ನಾಲ್ಕು ಮಾತಾಡಿದೆ. ಅಲ್ಲಿಗೆ ಎಲ್ಲ ಮುಗಿಯಿತು. ಕೆಲಸ ಹೋಯಿತು, ವಿಚಾರಣೆಗೆ ಕರೆದರು, ಎರಡು ವಾರ ಒಳಗಿಟ್ಟರು. ಹೊರಗೆ ಬಂದು ಟೀವಿ ಹಾಕಿದರೆ ನಿನ್ನ ಹಳೆಯ ಧಾರಾವಾಹಿಯೇ ಮತ್ತೆ ಬರುತ್ತಿತ್ತಂತೆ. ನೀನಿದ್ದ ತುಂಡುಗಳನ್ನೆಲ್ಲ ಕತ್ತರಿಸಿದ್ದರು. ಮಿಕ್ಕವರು ಖಾಲಿ ಬಾಗಿಲ ಕಡೆ ನೋಡಿ ಮಾತಾಡುತ್ತಿದ್ದರಂತೆ. ಅದನ್ನು ಹೇಳುವಾಗ ನೀನು ನಕ್ಕೆ.

ನಿನಗಿದ್ದ ಹೆದರಿಕೆ ನಿನ್ನ ಸಲುವಾಗಿ ಅಲ್ಲ. ನಿನ್ನ ತಾಯಿ ಅಲ್ಲೇ, ಆ ಊರಲ್ಲೇ, ಒಬ್ಬರೇ ಇದ್ದರು. ನೀನೆಲ್ಲಿದ್ದೀಯ, ಏನು ಮಾಡುತ್ತಿದ್ದೀಯ ಎಂದು ತಿಳಿದರೆ ಅಲ್ಲಿನ ಪೊಲೀಸರು ಮೊದಲು ಹೋಗಿ ತಟ್ಟುವುದು ಅಮ್ಮನ ಬಾಗಿಲನ್ನು ಎನ್ನುತ್ತಿದ್ದೆ ನೀನು. ಅದಕ್ಕೇ ಫೋಟೋ ಬೇಡ, ಹೆಸರು ಬೇಡ, ಯಾರಾದರೂ ಮೊಬೈಲು ಎತ್ತಿದರೆ ಸೆರಗು ಮುಖಕ್ಕೆ. ವಾರಕ್ಕೊಮ್ಮೆ ಅಮ್ಮನಿಗೆ ಫೋನು ಮಾಡುವಾಗ ಇಲ್ಲಿ ಲೈಬ್ರರಿಯಲ್ಲಿ ಕೆಲಸ ಎಂದು ನಗುನಗುತ್ತಾ ಸುಳ್ಳು ಹೇಳುತ್ತಿದ್ದೆಯಲ್ಲ, ನಿನ್ನ ನಟನೆಯಲ್ಲೆಲ್ಲ ದೊಡ್ಡದು ಅದೇ ಇರಬೇಕು. ಫೋನಿಟ್ಟ ಮೇಲೆ ನೀನು ಎದೆ ಹಿಡಿದುಕೊಂಡು ಹೃದಯದ ಮಾತ್ರೆ ನುಂಗುತ್ತಿದ್ದೆ.

ನನ್ನ ಕಥೆಯನ್ನೂ ನಿನಗೆ ಹೇಳಿದ್ದೆ. ಜಗಳೂರು ತಾಲ್ಲೂಕಿನ ಬಿಳಿಚೋಡು ನನ್ನೂರು. ಮುಖಕ್ಕೆ ಬಣ್ಣ ಹಚ್ಚಿದ ವರ್ಷ ನನ್ನಣ್ಣ ಬಾಗಿಲು ಹಾಕಿಕೊಂಡ. ಹತ್ತೊಂಬತ್ತು ವರ್ಷದಿಂದ ಆ ಊರಿನ ಬಸ್ಸು ಹತ್ತಿಲ್ಲ. ಯಾವ ಹ್ಯಾಂಡ್‌ಬಿಲ್ಲಿನಲ್ಲೂ ನನ್ನ ಹೆಸರಿನ ಮುಂದೆ ಬಿಳಿಚೋಡು ಎಂದು ಹಾಕಿಸಿಲ್ಲ, ಹೊನ್ನಾಳಿ ಎಂದೇ ಹಾಕಿಸುವುದು. ಇದನ್ನು ಕೇಳಿ ನೀನು, "ನಂದು ವಿಮಾನದ ದೂರ, ನಿಂದು ಬಸ್ಸಿನ ದೂರ. ಇಬ್ರಿಗೂ ಹೋಗಾಕೆ ಆಗಲ್ಲ" ಎಂದು ರೇಗಿಸಿದ್ದೆ.

ನ್ಯಾಮತಿಯ ಕಡೆ ಹೋಗಿದ್ದು ಮರೆತಿದ್ದೀಯಾ? ಸೂರಗೊಂಡನಕೊಪ್ಪದಲ್ಲಿ ಲಂಬಾಣಿ ಅಜ್ಜಿಯೊಬ್ಬಳು ಕನ್ನಡಿ ಚೂರು ಹೊಲಿದ ತನ್ನ ಮೇಲುವಸ್ತ್ರವನ್ನು, ಚೆಂದ ಕಾಣುತ್ತದೆ ಎಂದು ಹಿಂದಿನಿಂದ ನಿನ್ನ ತಲೆಯ ಮೇಲೆ ಹಾಕಿದಳು. ನೀನು ಬೆಚ್ಚಿಬಿದ್ದೆ. ನಾನು ಓಡಿ ಬರುವಷ್ಟರಲ್ಲಿ ನೀನೇ ಅದನ್ನು ಸರಿಮಾಡಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಚಿಕ್ಕ ಹುಡುಗಿಯ ಹಾಗೆ ಆಡುತ್ತಿದ್ದೆ. ಇಷ್ಟ ಬಂದಾಗ ತೆಗೀಬಹುದು ನೋಡು ಎಂದೆ ನೀನು. ನೀನು ಹೆದರದೆ ಇದ್ದದ್ದನ್ನು ನಾನು ನೋಡಿದ್ದು ಆ ಹೊತ್ತಿನಲ್ಲಿ, ಆಮೇಲೆ ಇನ್ನೊಮ್ಮೆ ನಲ್ಲೂರಿನ ನಾಟಕದಲ್ಲಿ.

ಆ ನಲ್ಲೂರಿನ ನಾಟಕವನ್ನು ಒಪ್ಪಿಕೊಂಡವಳು ನಾನೇ. ಚನ್ನಗಿರಿ ತಾಲ್ಲೂಕಿನ ಹುಡುಗರು ಮೂರು ತಿಂಗಳು ತಾಲೀಮು ಮಾಡಿದ್ದರು, ತಾಯಿಯ ಪಾತ್ರಕ್ಕೆ ನಾನು. ನಾಟಕಕ್ಕೆ ಹತ್ತು ದಿನವಿರುವಾಗ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡೆ. ನಾಟಕದ ಮಾಸ್ತರು ಹಾರ್ಮೋನಿಯಂ ಮುಂದೆ ತಲೆಗೆ ಕೈ ಹೊತ್ತು ಕೂತರು. ನನ್ನ ಜೊತೆ ತಾಲೀಮು ನೋಡಲು ಬರುತ್ತಿದ್ದ ನೀನು ಆಗ ಎದ್ದು ನಿಂತೆ. ಮಗನನ್ನು ಜೈಲಿಗೆ ಎಳೆದೊಯ್ಯುವ ದೃಶ್ಯ. ನೀನು ಒಂದು ಮಾತೂ ಆಡದೆ ಅವನ ಅಂಗಿಯ ಗುಂಡಿ ಹಾಕಿದೆ, ಅಷ್ಟೇ. ಮಗನ ಪಾತ್ರದ ಹುಡುಗ ಮಾತು ಮರೆತು ನಿಂತ. ಮಾಸ್ತರು ಅಲ್ಲೇ ತಾಯಿಯ ಮಾತುಗಳನ್ನೆಲ್ಲ ಹೊಡೆದುಹಾಕಿ, ಮಗ ಜೈಲಿಗೆ ಹೋದ ದಿನ ತಾಯಿಗೆ ಮಾತು ನಿಂತುಹೋಯಿತು ಎಂದು ಬರೆದುಕೊಂಡರು. ನಿನ್ನ ಕಣ್ಣಲ್ಲಿ ಆಗ ಕಂಡದ್ದನ್ನು ನೋಡಿದ ಮೇಲೆ ಬೇಡ ಎನ್ನಲು ನನಗಾದರೂ ಬಾಯಿ ಬರುತ್ತಿತ್ತಾ?

ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆಯಲ್ಲ. ಹೆಣ್ಣುಪಾತ್ರ ಮಾಡುವವರ ಫೋಟೋ, ಹೆಸರು, ಊರು ಹ್ಯಾಂಡ್‌ಬಿಲ್ಲಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಕಲಾವಿದೆ ಬರುವುದೇ ಸುಳ್ಳು ಎಂದು ಜನ ಮಾತಾಡಿಕೊಳ್ಳುತ್ತಾರೆ. ಹುಡುಗರು ಪ್ರೆಸ್ಸಿನಿಂದಲೇ ಫೋನು ಮಾಡಿ ಬೇಗ ಕಳಿಸಿ ಎಂದು ಅವಸರ ಮಾಡಿದರು. ನೀನು ಸ್ನಾನಕ್ಕೆ ಹೋಗಿದ್ದೆ. ಸೂರಗೊಂಡನಕೊಪ್ಪದಲ್ಲಿ ನಿನಗೆ ಗೊತ್ತಾಗದಂತೆ ತೆಗೆದುಕೊಂಡಿದ್ದ ಫೋಟೋ ನನ್ನ ಮೊಬೈಲಿನಲ್ಲಿತ್ತು. ಕಳಿಸಿಬಿಟ್ಟೆ. ಹೆಸರು ಕೇಳಿದರು, ಮಂಗಳಾ ಎಂದೆ. ಊರು ಕೇಳಿದರು. ಹೊನ್ನಾಳಿ ಎಂದರೆ ಹುಡುಕಿಕೊಂಡು ಬಂದಾರು ಎನಿಸಿತು. ಬಾಯಿಗೆ ಬಂದದ್ದು ಬಿಳಿಚೋಡು. ನನಗೆ ಹಾಕಿಕೊಳ್ಳಲಾಗದ ಊರನ್ನು ನಿನಗೆ ಕೊಟ್ಟುಬಿಟ್ಟೆ ಅಕ್ಕಾ. ಅಚ್ಚಾದ ಮೇಲೆ ನೋಡಿ ನೀನು ಬಿಳಿಚಿಕೊಂಡೆ. ಇಲ್ಲಿನ ಹಳ್ಳಿಯ ಕಾಗದ ತೆಹರಾನಿಗೆ ಹೋಗುತ್ತದಾ ಎಂದು ನಾನು ನಕ್ಕೆ. ಯಾಕೆ ನಕ್ಕೆನೋ...

ನಾಟಕದ ದಿನ ಕಾಲಿನ ಪ್ಲಾಸ್ಟರ್ ಸಮೇತ ಬಣ್ಣದ ಕೋಣೆಯಲ್ಲಿ ಕೂತು ನಿನ್ನ ತಲೆ ಬಾಚಿದವಳು ನಾನು. ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬೆನ್ನ ತುಂಬ ಹರಡಿದೆ. ಪರದೆ ಎನ್ನುವುದಕ್ಕೆ ನಿಮ್ಮಲ್ಲೂ ಪರದೆ ಎಂದೇ ಅನ್ನುತ್ತಾರೆ ಎಂದು ಹೇಳಿ, ಅದು ಮೇಲೇಳುವಾಗ ನನ್ನ ಕೈ ಹಿಂಡಿದೆ. ಆಮೇಲೆ ಬಿಚ್ಚುಗೂದಲಿನಲ್ಲಿ, ಅಷ್ಟು ಜನರ ಮುಂದೆ, ಒಂದು ಮಾತಿಲ್ಲದೆ ನಿಂತೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎಷ್ಟೋ ಮೊಬೈಲುಗಳು ಮೇಲೆದ್ದವು. ನೀನು ಮುಖ ಮುಚ್ಚಿಕೊಳ್ಳಲಿಲ್ಲ.

ನಾಟಕವಾದ ನಾಲ್ಕನೇ ದಿನ ನಾವಿಬ್ಬರೂ ವಸಂತಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ಎದುರು ಮನೆಯಾಕೆ ಕಾದು ನಿಂತಿದ್ದರು. "ಯಾರೋ ಗಂಡಸು ಬಂದಿದ್ದ ಕಣ್ರಿ. ಮೊಬೈಲ್ನಾಗೆ ಈಯಮ್ಮನ ಫೋಟೋ ಹಿಡ್ಕಂಡು ಮನೆ ಮನೆ ಕೇಳ್ತಿದ್ದ." ಅವರು ಬಂದರು ಎಂದೆ ನೀನು. ಇಲ್ಲಿಗೇ ಬಂದರೆಂದರೆ ಅಮ್ಮನ ಮನೆಗೂ ಹೋಗಿರುತ್ತಾರೆ ಎಂದೆ. ನೀನೇ ನಿನ್ನ ಫೋನಿನ ಸಿಮ್ ತೆಗೆದು ಒಲೆಗೆ ಹಾಕಿದೆ, ನನ್ನ ಫೋನನ್ನೂ ಆರಿಸಿದೆ. ಕಿಟಕಿಗೆಲ್ಲ ಸೀರೆ ಕಟ್ಟಿದೆವು.

ಮಾರನೆಯ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು ನಿನಗೂ ನೆನಪಿರಬೇಕು. ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದೆವು, ನಿನ್ನ ಉಗುರು ನನ್ನ ತೋಳಿಗೆ ಇಳಿದಿತ್ತು. ಮೂರು ಸಲ ತಟ್ಟಿದ. ಕೆಮ್ಮಿದ. "ಮಂಗಳಾ ಅನ್ನೋರು ಇದಾರೇನ್ರಿ?" ಎಂದ. ತುಂಬ ಹೊತ್ತು ಚಪ್ಪಲಿಯ ಸದ್ದು ಅಲ್ಲೇ ಇತ್ತು. ಯಾರು ನೀವು ಎಂದು ಒಂದೇ ಒಂದು ಮಾತು ಕೇಳಿದ್ದರೆ... ನಾನು ಕೇಳಲಿಲ್ಲ. ಅವನು ಹೋದ ಮೇಲೂ ಎರಡು ದಿನ ಮುಂಬಾಗಿಲು, ಹಿಂಬಾಗಿಲು ಎರಡರ ಚಿಲಕವನ್ನೂ ತೆಗೆಯಲಿಲ್ಲ. ಮಾತ್ರೆ ತಗೊಂಡೆಯಾ ಎಂದು ನಾನು ಕೇಳಿದಾಗಲೆಲ್ಲ ನೀನು ಹೂಂ ಎಂದೆ. ಮೂರನೆಯ ಬೆಳಗ್ಗೆ ನೀನು ಏಳಲಿಲ್ಲ. ಬಾಗಿಲು ತೆರೆದು ಕೂಗಿಕೊಂಡೆ. ಜನ ಬಂದರು, ಆಂಬುಲೆನ್ಸ್ ಬಂತು. ಆಸ್ಪತ್ರೆ ಮುಟ್ಟುವ ಮುಂಚೆಯೇ ನೀನು ಹೋಗಿದ್ದೆ. ದಿಂಬಿನ ಕೆಳಗೆ ಮಾತ್ರೆಯ ಖಾಲಿ ಹಾಳೆ ಸಿಕ್ಕಿತು. ಮುಗಿದಿದೆ ಎಂದರೆ ನಾನೆಲ್ಲಿ ಬಾಗಿಲು ತೆಗೆದು ಮೆಡಿಕಲ್ ಅಂಗಡಿಗೆ ಹೊರಡುತ್ತೇನೋ ಎಂದು ಹೇಳದೆ ಉಳಿದೆಯಲ್ಲವೇ?

ನೀನು ಹೋದ ಐದನೆಯ ದಿನ ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು. ಕಾಪಾಡಲು ಇನ್ನೇನು ಉಳಿದಿತ್ತು? ಎದ್ದು ತೆಗೆದೆ. ಬಿಳಿ ಅಂಗಿ, ನರೆತ ತಲೆ, ಕೈಯಲ್ಲಿ ಮಡಚಿ ಮಡಚಿ ಹರಿದ ಹ್ಯಾಂಡ್‌ಬಿಲ್ಲು. ನನ್ನನ್ನು ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ.

ನನ್ನಣ್ಣ, ಅಕ್ಕಾ. ಬಿಳಿಚೋಡಿನ ನನ್ನಣ್ಣ.

"ನಮ್ಮೂರ ಹೆಸರು ಹಾಕ್ಕಂಡಾಳಲ್ಲ, ನೀನೇ ಹೆಸರು ಬದಲಾಯಿಸ್ಕಂಡೀಯೇನೋ ಅನ್ಕಂಡೆ," ಎಂದ. "ಮಖ ನೋಡಿದ್ರೆ ನೀನಲ್ಲ. ಆದ್ರೂ ಆಕೆಗೆ ನಿನ್ನ ಗುರ್ತಿರಬೈದು ಅಂತ ಮಾಸ್ತರ ಹತ್ರ ಬೀದಿ ಕೇಳ್ಕಂಡು ಬಂದೆ. ಎರಡು ಸಲ ಬಂದೆ. ಯಾರೂ ಬಾಗ್ಲು ತೆಗೀಲಿಲ್ಲ. ಮನಿಗೆ ಬಾರವ್ವ ಅಂತ ಕರಿಯಾಕೆ ಬಂದಿದ್ದೆ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವನ ದನಿ, ಮೂರು ಮಾರು ದೂರದಲ್ಲಿ, ಬಾಗಿಲಾಚೆ. ನನಗೆ ಗುರುತು ಸಿಗಲಿಲ್ಲ. ಹತ್ತೊಂಬತ್ತು ವರ್ಷ ನಾನು ಕಾದ ದನಿಗೆ ನೀನು ಹೆದರಿ ಸತ್ತೆ. ಇದನ್ನು ನಿನಗೆ ಹೇಗೆ ಹೇಳಲಿ ಎಂದೇ ಮೂರು ತಿಂಗಳು ಕಳೆದೆ. ಅಣ್ಣನಿಗೆ ಎಲ್ಲ ಹೇಳಿದಾಗ ಅವನು ಹೊಸ್ತಿಲ ಮೇಲೇ ಕೂತುಬಿಟ್ಟ. ಖಬರಸ್ತಾನಕ್ಕೆ ಬಂದು, ನಿನ್ನ ಮಣ್ಣಿನ ಹತ್ತಿರ ಚಪ್ಪಲಿ ಬಿಟ್ಟು ಬಹಳ ಹೊತ್ತು ನಿಂತಿದ್ದ. ಅವನನ್ನು ಬೈಯಲೂ ಆಗಲಿಲ್ಲ, ಅವನ ಜೊತೆ ಹೋಗಲೂ ಆಗಲಿಲ್ಲ.

ನಿನ್ನ ತಾಯಿಗೆ ಸುದ್ದಿ ಮುಟ್ಟಿಸಿದವರು ವಸಂತಕ್ಕ. ಪೊಲೀಸು, ಕಾಗದಪತ್ರ ಎಲ್ಲ ಅವರೇ ನೋಡಿಕೊಂಡರು. ನನಗೆ ಮಾತಾಡುವ ಧೈರ್ಯ ಬಂದದ್ದು ನಿನ್ನೆ. ಅಲ್ಲಿ ಇಂಗ್ಲಿಷ್ ಬಲ್ಲ ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು ಅಮ್ಮ ಮಾತಾಡಿದರು, ಅವಳ ಇಂಗ್ಲಿಷನ್ನು ವಸಂತಕ್ಕ ನನಗೆ ಹೇಳಿದರು. ಅಮ್ಮನ ಬಾಗಿಲನ್ನು ಯಾರೂ ತಟ್ಟಿಲ್ಲ, ಅಕ್ಕಾ. ಅಂದೂ ಇಲ್ಲ, ಇಂದಿಗೂ ಇಲ್ಲ. ಲೈಬ್ರರಿಯ ಕೆಲಸವನ್ನು ಅವರು ಒಂದು ದಿನವೂ ನಂಬಿರಲಿಲ್ಲವಂತೆ. ನಾಟಕ ಮಾಡಿದಳಾ ಎಂದು ಕೇಳಿದರು. ಹೌದು ಎಂದೆ. ತಲೆಯ ಮೇಲೆ ವಸ್ತ್ರ ಇತ್ತಾ ಎಂದು ಕೇಳಿದರು. ಫೋನನ್ನು ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ಎಂದು ಹೆದರಿದೆ. ವಸಂತಕ್ಕ ನನ್ನ ಮುಖ ನೋಡಿದರು. ಇರಲಿಲ್ಲ ಎಂದು ಹೇಳಿ ಎಂದೆ. ಆಮೇಲೆ ಅಮ್ಮ ಕೇಳಿದ್ದು ಇಷ್ಟೇ: ಅವಳ ಕೂದಲು ಬಾಚಿದವರು ಯಾರು?

ನಾನು, ಎಂದೆ.

ನಾಳೆ ಬೆಳಗಿನ ಬಸ್ಸಿಗೆ ಬಿಳಿಚೋಡಿಗೆ ಹೊರಟಿದ್ದೇನೆ. ಹೆದರಿಕೆ ಹೋಗಿಲ್ಲ. ಚೀಲಕ್ಕೆ ಸೀರೆ ಇಟ್ಟು, ತೆಗೆದು, ಮತ್ತೆ ಇಟ್ಟಿದ್ದೇನೆ. ಊರಿನವರು ಏನೆಂದಾರು, ಅತ್ತಿಗೆ ಮುಖ ತಿರುಗಿಸಿಯಾಳು, ಬಾಗಿಲು ಮತ್ತೆ ಹಾಕಿಕೊಂಡಾರು... ಆದರೂ ಹೋಗುತ್ತೇನೆ. ಅಣ್ಣನ ಬಾಗಿಲ ಮುಂದೆ ನಿಂತು ಮೂರು ಸಲ ತಟ್ಟುತ್ತೇನೆ. ಒಳಗಿನಿಂದ ಯಾರು ಎಂದು ಕೇಳಿದರೆ ಮೊದಲು ನಿನ್ನ ಹೆಸರು ಹೇಳುತ್ತೇನೆ. ಬಿಳಿಚೋಡಿನ ಮಂಗಳಾ ಬಂದಿದ್ದಾಳೆ, ಬಾಗಿಲು ತೆಗೀರಿ ಎನ್ನುತ್ತೇನೆ.

ನಿನ್ನ
ರೇಣುಕಾ