ನಾಲ್ಕನೇ ಜ್ವರ ಎದ್ದ ಮೇಲೆ

ಬಾವಾ,

ಸ್ಟೇಜಿನ ಮೇಲೆ, ಮೈಕಿನಲ್ಲಿ, ಎಲ್ಲರೆದುರಿಗೇ ನೀನು ನನ್ನನ್ನು ಹೀಗೆ ಕರೆಯುತ್ತಿದ್ದೆ. ನಮ್ಮ ಕಡೆ ಗೆಳೆಯರೆಲ್ಲ ಒಬ್ಬರಿಗೊಬ್ಬರು ಬಾವನೇ ಆದ್ದರಿಂದ ಒಂದು ನರಪಿಳ್ಳೆಗೂ ಅನುಮಾನ ಬರಲಿಲ್ಲ. ಈಗ ನಾನೂ ಹಾಗೇ ಶುರು ಮಾಡಿದ್ದೇನೆ. ಮುನಿರಾಜ ಅಂತ ಬರೆದರೆ ನಿನ್ನ ಕಂಪನಿಯವರು ಬರೆದ ಹಾಗಿರುತ್ತದೆ, ಗೆಳೆಯ ಅಂದರೆ ಸಾಲದು, ಇನ್ನೇನು ಅನ್ನಲಿ? ನಿನಗೊಂದು ಸುದ್ದಿ ಹೇಳಬೇಕು. ಆದರೆ ಇಂಟ್ರೋ ಇಲ್ಲದೆ ನೀನು ಯಾವ ಹಾಡನ್ನೂ ಶುರು ಮಾಡಿದವನಲ್ಲ, ಸ್ವಲ್ಪ ತಾಳಿಕೋ.

ಮೊದಲ ಸಲ ನಿಮ್ಮೂರಿಗೆ ಬಂದದ್ದು ನೆನಪಿದೆಯಾ? ನಾನು ಮುಳಬಾಗಿಲಿನ ಪೇಟೆಯವನು. ನಮ್ಮಪ್ಪ ಪಂಚಾಂಗ ನೋಡಿ ಎದ್ದು ಪಂಚಾಂಗ ನೋಡಿ ಮಲಗುವವರು. ರೇಷ್ಮೆ ಎಂದರೆ ನನಗೆ ಅವರ ಮಡಿ ಪಂಚೆ, ಅಷ್ಟೆ. ಆವನಿ ದಾಟಿದ ಮೇಲೆ ನಿಮ್ಮ ತೋಟ, ತೋಟದಲ್ಲಿ ರೇಷ್ಮೆ ಹುಳು ಸಾಕುವ ಮನೆ. ಗೂಡು ಮಾರಿ ಬಂದು ಮುಂದಿನ ಬೆಳೆಗೆ ಹುಳು ತರುವವರೆಗೆ ಅದು ಖಾಲಿ. ಆ ಖಾಲಿ ದಿನಗಳಲ್ಲೇ ನಮ್ಮ ಪ್ರಾಕ್ಟೀಸು. ಬ್ಲೀಚಿಂಗ್ ಪುಡಿಯ ಘಾಟಿನಲ್ಲಿ ನನ್ನ ಹಾಡು, ಗಿಟಾರು, ನಿನ್ನ ಡ್ರಮ್ಸು, ಇಮ್ರಾನನ ಬೇಸು. ಹುಳುಗಳನ್ನು ಕೇಳಿ ಡೇಟು ಕೊಡುತ್ತಿದ್ದ ರಾಕ್ ಬ್ಯಾಂಡು ನಮ್ಮದೊಂದೇ ಇರಬೇಕು.

ಆಮೇಲೆ ಆ ಫೋನು. "ಲೇ, ನಾಲ್ಕನೇ ಜ್ವರ ಕಣೋ. ಸದ್ಯಕ್ಕೆ ಬರ್ಬೇಡ," ಅಂದೆ. ಒಬ್ಬನಿಗೇ ನಾಲ್ಕು ಸಲ ಜ್ವರ ಬಂದರೆ ಯಾರಿಗೆ ಭಯವಾಗುವುದಿಲ್ಲ ಹೇಳು? ಅಮ್ಮನ ಕೈಲಿ ಮೆಣಸಿನ ಸಾರು ಮಾಡಿಸಿ, ಕ್ಯಾರಿಯರ್‌ನಲ್ಲಿ ತುಂಬಿಕೊಂಡು, ಬ್ರೆಡ್ಡು ಮಾತ್ರೆ ಹಿಡಿದು ಬಸ್ಸು ಹತ್ತಿದೆ. ಬಂದು ನೋಡಿದರೆ ನೀನು ಗುಂಡುಕಲ್ಲಿನ ಹಾಗೆ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದೆ! ನಿಮ್ಮಮ್ಮ ನಕ್ಕೂ ನಕ್ಕೂ ಜಗುಲಿಯ ಮೇಲೆ ಕೂತುಬಿಟ್ಟರು. "ಜ್ವರ ಹುಳುಗೆ ಸಾಮಿ, ನಮ್ ಮುನಿಗಲ್ಲ!" ಹುಳು ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ನಿಂತು, ಹಳೆ ಚರ್ಮ ಕಳಚುವುದಕ್ಕೆ ಜ್ವರ, ಕಳಚಿ ಮತ್ತೆ ಮೇವಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಅನ್ನುತ್ತಾರೆ ಎಂದು ನೀನು ಪಾಠ ಮಾಡಿದೆ. ನೋಡುತ್ತೇನೆ ಅಂದರೆ ಬಿಡಲಿಲ್ಲ. ಹುಳು ಇರುವಾಗ ಹೊರಗಿನವರು ಒಳಗೆ ಕಾಲಿಟ್ಟರೆ ರೋಗ ತಗಲಿ ಬೆಳೆಯೇ ಹೋಗುತ್ತದಂತೆ. ಹೊಂಗೆ ಮರದ ಕೆಳಗೆ ಕೂತು ಆ ಸಾರನ್ನೆಲ್ಲ ನೀನೇ ಕುಡಿದೆ. "ನಂಗೋಸ್ಕರ ಇಷ್ಟು ದೂರ ಸಾರು ತಂದ್ಯಾ?" ಅಂತ ಒಂದೇ ಮಾತನ್ನು ಎರಡು ಸಲ ಕೇಳಿದೆ. ಎರಡನೇ ಸಲ ಕೇಳುವಾಗ ನೀನು ನಗುತ್ತಿರಲಿಲ್ಲ. ನನಗೆ ನಿಜವಾದ ಜ್ವರ ಹತ್ತಿದ್ದು ಆಗಲೇ.

ಬ್ಯಾಂಡಿಗೆ 'ನಾಲ್ಕನೇ ಜ್ವರ' ಅಂತ ಹೆಸರಿಟ್ಟವನು ಇಮ್ರಾನ್. ಅವನಿಗೆ ಅದು ತಮಾಷೆ, ನಮಗೆ... ಅವನು ಟೀ ತರಲು ಹೋಗಿದ್ದ ಒಂದು ಮಧ್ಯಾಹ್ನ ನೀನು ಡ್ರಮ್ಸಿನ ಹಿಂದಿನಿಂದ ಎದ್ದು ಬಂದು, ತಂತಿ ಶ್ರುತಿ ಮಾಡುತ್ತಿದ್ದ ನನ್ನ ಕೈ ಹಿಡಿದು ಮುತ್ತು ಕೊಟ್ಟೆ. ಇಬ್ಬರ ಕಣ್ಣಲ್ಲೂ ನೀರು ಯಾಕೆ ಅಂತ ಇಮ್ರಾನ್ ಕೇಳಿದಾಗ ಬ್ಲೀಚಿಂಗ್ ಪುಡಿಯ ಮೇಲೆ ಹಾಕಿದೆವು. ಆಗ ಕಟ್ಟಿದ ಹಾಡನ್ನೇ ಕೋಲಾರದ ಕಾಲೇಜಿನಲ್ಲಿ ಹಾಡಿದ್ದು. "ಯಾರ್ಲಾ ಆ ಹುಡ್ಗಿ?" ಅಂತ ಹುಡುಗರು ಕೂಗಿದರು. ಅವಳು ಅನ್ನಲು ನನಗೆ ಮನಸ್ಸಿರಲಿಲ್ಲ, ಅವನು ಅನ್ನಲು ಧೈರ್ಯವಿರಲಿಲ್ಲ. ಹಾಡಿನುದ್ದಕ್ಕೂ ನೀನು, ನೀನು, ನೀನು. ಆ ಪದಕ್ಕೆ ಗಂಡು ಹೆಣ್ಣಿನ ಹಂಗಿಲ್ಲ, ಯಾವ ಪುಣ್ಯಾತ್ಮರು ಮಾಡಿಟ್ಟರೋ. ಹಾಡಿನ ಶುರುವಿಗೆ ನೀನು ಡ್ರಮ್ಮಿನ ಮೇಲೆ ಬ್ರಷ್ಷಿನಿಂದ ಸರಸರ ಅನ್ನಿಸುತ್ತಿದ್ದೆಯಲ್ಲ? "ಜ್ವರ ಎದ್ದ ಹುಳ ಸೊಪ್ಪು ತಿನ್ನೋ ಸದ್ದು ಇದು. ಒಂದಿನ ಒಳಗ್ ಕರ್ಕೊಂಡೋಗಿ ಕೇಳಿಸ್ತೀನಿ ಬಾವಾ," ಅಂದಿದ್ದೆ.

ಕೇಳಿಸಲಿಲ್ಲ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ದಿನಾ ಕಂಪನಿ ಬಸ್ಸಿನಲ್ಲಿ ಬರುವವನು ಅವತ್ತೇ ಯಾಕೆ ಬೈಕಿನಲ್ಲಿ ಹೊರಟೆಯೋ. ಹೈವೇಯಲ್ಲಿ ಆ ಲಾರಿ... ಬೇಡ, ನನ್ನಿಂದಾಗದು. ನಿಮ್ಮ ಅಂಗಳದಲ್ಲಿ "ಮನೆಯೋರು ಮುಂದೆ ಬನ್ನಿ, ಬಾಯಿಗೆ ಅಕ್ಕಿ ಹಾಕಿ," ಅಂತ ಕೂಗಿದರು. ದಾಯಾದಿಗಳು ಬಂದರು, ನಿನ್ನ ಸೋದರಮಾವಂದಿರು ಬಂದರು. ನಾನು ಯಾರು ಅಂತ ಮುಂದೆ ಹೋಗಲಿ? ಇಮ್ರಾನನ ಪಕ್ಕದಲ್ಲಿ, ಹುಳು ಮನೆಯ ಗೋಡೆಗೆ ಒರಗಿ ನಿಂತಿದ್ದೆ. ನಿನ್ನ ಮೇಲೆ ಸಿಟ್ಟೂ ಬಂತು ಕಣೋ. ಊರಿಗೆಲ್ಲ ಕೇಳುವ ಹಾಗೆ ಬಾವ ಅಂತ ಕೂಗಿದವನು ಒಬ್ಬರಿಗಾದರೂ ನಿಜ ಹೇಳಿ ಹೋಗಬಾರದಿತ್ತಾ?

ಈಗ ಸುದ್ದಿ. ಹೋದ ವಾರ ನಿಮ್ಮಮ್ಮ ಫೋನು ಮಾಡಿದರು. "ನಾಲ್ಕನೇ ಜ್ವರ ಎದ್ದವೆ. ತಿನ್ನೋದು ಜಾಸ್ತಿ, ಕೈ ಸಾಲ್ದು. ಬಾ," ಅಂದರು. ಸಾಮಿ ಇಲ್ಲ, ಬನ್ನಿ ಇಲ್ಲ. ಬರೀ ಬಾ. ಈ ಸಲ ಸಾರಿಲ್ಲದೆ ಬರಿಗೈಲಿ ಹೋದೆ. ಸೊಪ್ಪು ಕೊಯ್ದು ತಂದಿದ್ದ ನಿಮ್ಮ ಚಿಕ್ಕಪ್ಪ, ನನಗೆ ಅರ್ಥವಾಗಲೆಂದೇ ಕನ್ನಡದಲ್ಲಿ, "ಹೊರಗ್ನೋರ್ನ ಒಳಗ್ ಬಿಡ್ಬೇಡ ಅತ್ಗೆ, ಹುಳುಗೆ ಆಗ್ಬರಲ್ಲ," ಅಂದರು. ನಾನು ಬಾಗಿಲಲ್ಲೇ ನಿಂತೆ. ನಿಮ್ಮಮ್ಮ ತಿರುಗಿಯೂ ನೋಡದೆ, "ವೀಡು ಬೈಟೋಡು ಕಾದು, ಮನೋಡೇ," ಅಂದರು. ಇವನು ಹೊರಗಿನವನಲ್ಲ, ನಮ್ಮವನೇ. ಇಷ್ಟು ವರ್ಷ ನನ್ನೆದುರು ಜೋಪಾನವಾಗಿ ಕನ್ನಡವನ್ನೇ ಆಡಿದವರು ನಿಮ್ಮ ಮನೆಯೊಳಗಿನ ತೆಲುಗಿನಲ್ಲಿ ಅಂದರು.

ಬಾಗಿಲ ಬಳಿಯ ಬ್ಲೀಚಿಂಗ್ ಪುಡಿಯಲ್ಲಿ ಕಾಲು ಅದ್ದಿ ಒಳಗೆ ಹೋದೆ. ಬಾವಾ, ಆ ಸದ್ದು! ಇಡೀ ಮನೆ ಸರಸರ ಅನ್ನುತ್ತಿತ್ತು. ಆದರೆ ನೀನು ದೊಡ್ಡ ಸುಳ್ಳ. ಅದಕ್ಕೆ ತಾಳವೇ ಇಲ್ಲ, ಒಂದೊಂದು ಹುಳುವೂ ತನ್ನ ಪಾಡಿಗೆ ತಾನು ತಿನ್ನುತ್ತದೆ. ತಾಳ ಹಾಕಿದ್ದು ನೀನು. ಅದು ಹೊಳೆದ ಕೂಡಲೇ ನನಗೆ ಅಳು ತಡೆಯಲಾಗಲಿಲ್ಲ. ನಿಮ್ಮಮ್ಮ ಸೊಪ್ಪು ಹಾಸುತ್ತಿದ್ದರು. ಹಾಸುತ್ತಲೇ ಕೇಳಿದರು, "ಆ ಹಾಡಲ್ಲಿ ನೀನು ನೀನು ಅಂತೀಯಲ್ಲ, ಅದು ನಮ್ ಮುನೀನಾ?"

ಹೂಂ ಅಂದೆ. ನಮ್ಮಿಬ್ಬರ ವಿಷಯವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಸಾರು ತಂದ ದಿನಾನೇ ಅನ್ಕೊಂಡೆ," ಅಂದು ಸೊಪ್ಪಿನ ಹೊರೆಯನ್ನು ನನ್ನ ತೋಳಿಗೆ ಹಾಕಿದರು. "ಆ ಕೊನೆಯಿಂದ ಹಾಕ್ಕೊಂಡ್ ಬಾ. ಅಲ್ಲಿರೋವು ಹಸ್ಕೊಂಡವೆ."