ಚಾದರದ ಇನ್ನೊಂದು ತುದಿ

ತಂಗೀ, ನಾನು ಕ್ಷೇಮ. ಈ ಊರಿನವರು ಗಡಿಯಾರ ನೋಡಿಕೊಂಡೇ ಉಸಿರಾಡುತ್ತಾರೆ. ಮನೆಯಲ್ಲಿ ಒಬ್ಬನೇ ಇರುವುದು ಬೇಡವೆಂದು ಮಗಳು ನನ್ನನ್ನು ದಿನಾ ತನ್ನ ಲಾಂಡ್ರಿಗೇ ಕರೆದೊಯ್ಯುತ್ತಾಳೆ. ಅಲ್ಲಿಗೆ ಆಸ್ಪತ್ರೆಯ ಚಾದರಗಳು ಗುಡ್ಡೆಗುಡ್ಡೆಯಾಗಿ ಬರುತ್ತವೆ. ಇವಳು ಹೊಸ ಸೂಪರ್‌ವೈಸರ್. ಈ ವಾರದೊಳಗೆ ದಿನಕ್ಕೆ ಆರುನೂರು ಮಡಿಸುವಂತಾಗದಿದ್ದರೆ ಹುದ್ದೆ ಬೇರೆಯವರಿಗೆ ಅಂದಿದ್ದರು ಮಾಲೀಕರು.

ಮಡಿಸುವವರು ಇಬ್ಬರು ಹೆಂಗಸರು. ಒಬ್ಬಾಕೆಗೆ ರೇಡಿಯೊ ಎಂದೇ ಅಡ್ಡಹೆಸರು, ಇನ್ನೊಬ್ಬಾಕೆಯದು ಬರೀ ಹೂಂಗುಟ್ಟುವ ಕೆಲಸ. ಮಾತಿನಲ್ಲಿ ಹೊತ್ತು ಹಾಳೆಂದು ಮಗಳು ಇಬ್ಬರನ್ನೂ ಬೇರೆ ಬೇರೆ ಮೂಲೆಗೆ ಕಳಿಸಿದಳು. ಕಾಲೇಜಿನಲ್ಲಿ ಡಿವಿಷನ್ ಆಫ್ ಲೇಬರ್ ಅಂತೇನೋ ಓದಿದ್ದೆ, ಮುಂದಿನದು ಮರೆತಿದೆ, ನಾನೂ ತಲೆಯಾಡಿಸಿಬಿಟ್ಟೆ. ಪಾಪ, ಇಬ್ಬರೂ ಚಾದರವನ್ನು ಗದ್ದಕ್ಕೆ ಒತ್ತಿಕೊಂಡು, ತೋಳು ಚಾಚಿ, ತುದಿ ಹುಡುಕುತ್ತಾ ಒದ್ದಾಡಿದರು. ಸಂಜೆಗೆ ಮುನ್ನೂರೂ ಆಗಲಿಲ್ಲ. ಮಗಳ ಕಣ್ಣಲ್ಲಿ ನೀರು.

“ನಿಮ್ಮಮ್ಮ ಹೋದಮೇಲೆ ನನ್ನ ಚಾದರದ ತುದಿಗಳೂ ಒಂದು ದಿನ ಕೂಡಿಲ್ಲ ಕಣಮ್ಮಾ” ಅಂದೆ.

ಮರುದಿನ ಬೆಳಗ್ಗೆ ಮಗಳು ಆ ಇಬ್ಬರನ್ನೂ ಒಂದೇ ಮೇಜಿಗೆ ಕರೆದಳು.

“ಮಾತಾಡಬಹುದಾ ಮೇಡಂ?” ಕೇಳಿತು ರೇಡಿಯೊ.

“ಕೈ ನಿಲ್ಲದಿದ್ರೆ ಸಾಕು.”

“ಅಯ್ಯೋ, ನನ್ನ ಬಾಯಿ ನಿಂತ್ರೇನೇ ಕೈ ನಿಲ್ಲೋದು!”

ಆವತ್ತು ಆರುನೂರ ಹನ್ನೆರಡು. ನಿನ್ನೆ ಮಾಲೀಕರು ಪಟ್ಟಿ ನೋಡಿ, ಇವಳೇ ಮುಂದುವರಿಯಲಿ ಅಂದರಂತೆ.

ಮಂಡಿನೋವು ಪರವಾಗಿಲ್ಲ, ಮಾತ್ರೆ ಕಳಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ನನ್ನ ಚಾದರ ಒಣಗಿದೆಯಂತೆ. ಮಗಳು ಒಂದು ತುದಿ ಹಿಡಿದು, “ಅಪ್ಪಾ, ಬಾ ಬೇಗ” ಅಂತ ಕರೆಯುತ್ತಿದ್ದಾಳೆ.

ನಿನ್ನ ಅಣ್ಣ